ಮೈಸೂರಿನ ಸಿಂಹಾಸನ 1783ರಲ್ಲಿಯೇ ಮರಳಿದ್ದರೆ

ನಮ್ಮ ಮಸಿನಗುಡಿಯ ಮಗ್ಗುಲಲ್ಲಿ ಹರಿಯುವ ಮೋಯಾರು ನದಿಯು ಆಳವಾದ ಕಮರಿಯಲ್ಲಿ ಪೂರ್ವಾಭಿಮುಖವಾಗಿ ಸಾಗಿ ಭವಾನಿ ನದಿಯನ್ನು ಕೂಡುವ ಎಡೆಯಲ್ಲಿ ಹಿಂದೆ ದಣ್ಣಾಯಕನ ಕೋಟೆ ಇತ್ತು. ಇಂದು ಅದು ಭವಾನಿಸಾಗರ ಜಲಾಶಯದ ತಳದಲ್ಲಿದೆ. ನೀರು ತೀರ ಇಳಿದ ಬೇಸಗೆಗಳಲ್ಲಿ ಮಾತ್ರ ಅಲ್ಲಿನ ಹಳೆಯ ದೇವಾಲಯದ ಕಲ್ಲುಗಳು ಕಾಣಿಸಿಕೊಳ್ಳುತ್ತವೆ. ಕೊಯಮತ್ತೂರಿನ ಬಯಲಿನಿಂದ ಮೈಸೂರಿನ ಎತ್ತರದ ನಾಡಿಗೆ ಏರುವ ಗಜ್ಜಲಹಟ್ಟಿ ಕಣಿವೆಯ ದಾರಿ ಆ ಕೋಟೆಯ ಬಳಿಯಿಂದ ಸಾಗುತ್ತಿತ್ತು. 1783ರ ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ವಿಲಿಯಂ ಫುಲ್ಲರ್ಟನ್ನನ ಸೈನ್ಯವು ಕೊಯಮತ್ತೂರನ್ನು ಹಿಡಿದು, ಆ ದಾರಿಯನ್ನೇರಿ ಶ್ರೀರಂಗಪಟ್ಟಣಕ್ಕೆ ನಡೆಯಲು ಸಿದ್ಧವಾಗಿ ನಿಂತಿತ್ತು. ಮೈಸೂರಿನ ಪದಚ್ಯುತ ರಾಜಮನೆತನಕ್ಕೆ ಸಿಂಹಾಸನವನ್ನು ಮರಳಿಸುವ ಕರಾರು ಪತ್ರವೊಂದು ಅದಕ್ಕೆ ಹಿಂದಿನ ವರ್ಷವೇ ಆಗಿತ್ತು. ಆದರೆ ಸೈನ್ಯವು ಕಣಿವೆಯನ್ನು ಏರಲಿಲ್ಲ.

ಏರಿದ್ದರೆ ಏನಾಗುತ್ತಿತ್ತು? ಇತಿಹಾಸದ ತರಗತಿಗಳಲ್ಲಿ ಇಂತಹ ‘ಆಗಿದ್ದರೆ’ಯ ಪ್ರಶ್ನೆಗಳನ್ನು ಮಕ್ಕಳು ಕೇಳಿದಾಗ, ಪರೀಕ್ಷೆಗೆ ಬಾರದ ಮಾತೆಂದು ಅವುಗಳನ್ನು ತಳ್ಳಿಹಾಕುವುದು ಸುಲಭ. ಆದರೆ ಈ ಒಂದು ಪ್ರಶ್ನೆ ನಮ್ಮ ಪಂದಲೂರಿನವರಿಗೆ ಬರಿಯ ಕಲ್ಪನಾವಿಲಾಸವಲ್ಲ. ನೀಲಗಿರಿಯ ಈ ಅಂಚಿನಲ್ಲಿ, ತಮಿಳುನಾಡಿನ ನೆಲದಲ್ಲಿ, ಕೇರಳದ ಗಡಿಗೆ ಒತ್ತಿಕೊಂಡು ಒಂದು ಕನ್ನಡ ಶಾಲೆ ನೂರು ವರ್ಷ ನಡೆದಿದೆ ಎಂದರೆ, ಭಾಷೆಯೊಂದು ರಾಜ್ಯವೊಂದು ಎಂಬ ಈ ಏರ್ಪಾಡು ಎಲ್ಲಿಂದ ಬಂತೆಂದು ಕೇಳುವ ಹಕ್ಕು ನಮ್ಮ ಮಕ್ಕಳಿಗೆ ಇದ್ದೇ ಇದೆ. ಅದರ ಎಳೆ ಹಿಡಿದು ಹಿಂದೆ ಹೋದರೆ ನಾವು ತಲಪುವುದು ಆ ಕಾಲದ ಕರಾರು ಪತ್ರಗಳಿಗೇ.

ಕಳೆದುಹೋದ ಸಿಂಹಾಸನವನ್ನು ಮರಳಿ ಪಡೆಯುವ ಹಂಬಲ ಆ ಶತಮಾನದಲ್ಲಿ ಮೈಸೂರಿಗಷ್ಟೇ ಸೇರಿದ್ದಲ್ಲ. ಇಂಗ್ಲೆಂಡಿನಲ್ಲಿ ಕ್ಯಾಥೊಲಿಕ್ ಮತದವನಾಗಿದ್ದ ಸ್ಟುವರ್ಟ್ ವಂಶದ ಎರಡನೆಯ ಜೇಮ್ಸ್ ದೊರೆಯು 1688ರಲ್ಲಿ ಪಟ್ಟವನ್ನು ಕಳೆದುಕೊಂಡು ಫ್ರಾನ್ಸಿಗೆ ಓಡಿದನು. ಅವನ ಮೊಮ್ಮಗ ಚಾರ್ಲ್ಸ್ ಎಡ್ವರ್ಡ್ 1745ರಲ್ಲಿ ಬೆರಳೆಣಿಕೆಯ ಸಂಗಡಿಗರೊಡನೆ ಸ್ಕಾಟ್ಲೆಂಡಿನಲ್ಲಿ ಇಳಿದು, ಗುಡ್ಡಗಾಡಿನ ಕುಲಗಳನ್ನು ಕೂಡಿಸಿಕೊಂಡು, ಡಿಸೆಂಬರ್ ಹೊತ್ತಿಗೆ ಲಂಡನ್ನಿನಿಂದ ಸುಮಾರು 200 ಕಿಲೋಮೀಟರ್ ದೂರದ ಡರ್ಬಿ ಪಟ್ಟಣವನ್ನು ತಲಪಿದನು. ಅಲ್ಲಿ ಅವನ ಸರದಾರರು ಹಿಂತಿರುಗಬೇಕೆಂದು ಹಟ ಹಿಡಿದರು. ಮರುವರ್ಷದ ಏಪ್ರಿಲ್ 16ರಂದು ಕಲೋಡನ್ ಎಂಬಲ್ಲಿ ಎಲ್ಲವೂ ಮುಗಿಯಿತು. ಡರ್ಬಿಯಿಂದ ಮುಂದೆ ನಡೆದಿದ್ದರೆ ಎಂದು ಅಲ್ಲಿನವರು ಇಂದಿಗೂ ಊಹಿಸುತ್ತಾರೆ. ನಮ್ಮ ಡರ್ಬಿ ಕೊಯಮತ್ತೂರು. ಅಲ್ಲಿಂದ ಶ್ರೀರಂಗಪಟ್ಟಣಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ.

ಈ ಹೋಲಿಕೆಯನ್ನು ನಾವು ದೂರದಿಂದ ಎಳೆದು ತಂದಿಲ್ಲ; ಮನುಷ್ಯರೇ ಅದನ್ನು ಹೊತ್ತು ತಂದರು. ಪುದುಚೇರಿಯಲ್ಲಿ ಫ್ರೆಂಚರ ಸೇನಾಧಿಪತಿಯಾಗಿದ್ದ ಲಾಲಿ ಎಂಬವನ ತಂದೆ ಐರ್ಲೆಂಡಿನವನು, ಸ್ಟುವರ್ಟರ ಪಕ್ಷದವನು. ಲಾಲಿ ಸ್ವತಃ ಚಾರ್ಲ್ಸ್ ಎಡ್ವರ್ಡನ ದಂಡಯಾತ್ರೆಗೆ ದುಡಿದವನು. 1760ರಲ್ಲಿ ಇಂಗ್ಲಿಷರ ಮುತ್ತಿಗೆಗೆ ಸಿಕ್ಕಿದ್ದ ಲಾಲಿ ಹೈದರಾಲಿಯ ನೆರವನ್ನು ಬೇಡಿದನು. ಹೈದರಾಲಿಯು ತನ್ನ ದಂಡಿನ ಒಂದು ದೊಡ್ಡ ಭಾಗವನ್ನು ಪುದುಚೇರಿಗೆ ಕಳುಹಿಸಿಕೊಟ್ಟನು. ಹೀಗೆ ಅವನ ಬಲ ಚದುರಿದ್ದ ಸಮಯ ನೋಡಿ ಅದೇ ಆಗಸ್ಟಿನಲ್ಲಿ ಮೈಸೂರಿನ ಅರಮನೆಯವರು ಖಂಡೇರಾಯನನ್ನು ಮುಂದಿಟ್ಟುಕೊಂಡು ಶ್ರೀರಂಗಪಟ್ಟಣದಲ್ಲಿ ಅವನ ಪಾಳೆಯದ ಮೇಲೆ ಬಿದ್ದರು. ಹೈದರಾಲಿಯು ಮನೆಮಂದಿಯನ್ನು ಅಲ್ಲಿಯೇ ಬಿಟ್ಟು ರಾತ್ರೋರಾತ್ರಿ ಕಾವೇರಿಯನ್ನು ದಾಟಿ ಬೆಂಗಳೂರಿಗೆ ಹೋಗಬೇಕಾಯಿತು. ಒಡೆಯರ ಮನೆತನ ತನ್ನ ಅಧಿಕಾರವನ್ನು ಮರಳಿ ಪಡೆಯಲು ಮಾಡಿದ ಮೊದಲ ದೊಡ್ಡ ಪ್ರಯತ್ನ ಅದು. ಮರುವರ್ಷ ಹೈದರಾಲಿ ತಿರುಗಿ ಬಂದು ಗೆದ್ದನು. ಖಂಡೇರಾಯನನ್ನು ಗಿಣಿಯಂತೆ ಸಾಕುತ್ತೇನೆಂದು ಮಾತು ಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲನ್ನ ಹಾಕಿಸಿದನೆಂಬ ಕಥೆಯನ್ನು ನಮ್ಮ ಹಿರಿಯರು ಬಲ್ಲರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೈದರಾಲಿ ಮತ್ತು ಟೀಪು ಸುಲ್ತಾನರು ಸಮರ್ಥ ಆಡಳಿತಗಾರರೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಅವರಿಗಿಂತ ಮೊದಲೇ ಒಡೆಯರ ಅಧಿಕಾರವನ್ನು ಅವರ ದಳವಾಯಿಗಳು ಬಹುಮಟ್ಟಿಗೆ ಕಿತ್ತುಕೊಂಡಿದ್ದರು. ಸಿಂಹಾಸನವನ್ನು ಹೈದರಾಲಿಯು ಉರುಳಿಸಲೂ ಇಲ್ಲ. ದಸರೆಯಲ್ಲಿ ಅರಸರನ್ನು ಅದರ ಮೇಲೆ ಕುಳ್ಳಿರಿಸಿ ಪ್ರಜೆಗಳಿಗೆ ತೋರಿಸುವ ಪದ್ಧತಿಯನ್ನು ಅವನು ಉಳಿಸಿಕೊಂಡಿದ್ದನು. ಅರಸರಿದ್ದರು, ಅರಸುತನವಿರಲಿಲ್ಲ.

ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡ ಮೇಲೆ ಈ ಹೋರಾಟದ ಹೊಣೆಯನ್ನು ಹೊತ್ತವರು ಅವರ ರಾಣಿ ಲಕ್ಷ್ಮಮ್ಮಣ್ಣಿಯವರು. ಪಾಠಪುಸ್ತಕಗಳಲ್ಲಿ ಅವರಿಗೆ ಒಂದೆರಡು ಸಾಲಿಗಿಂತ ಹೆಚ್ಚಿನ ಸ್ಥಳ ದೊರೆತಿಲ್ಲವೆಂಬುದು ನಮ್ಮ ಬಹುಕಾಲದ ಅತೃಪ್ತಿ. ಕಾವಲಿನೊಳಗಿದ್ದುಕೊಂಡೇ ಮೂರು ದಶಕಗಳಿಗೂ ಮೀರಿ ಹೊರಗಿನ ಶಕ್ತಿಗಳೊಡನೆ ಗುಪ್ತ ಪತ್ರವ್ಯವಹಾರ ನಡೆಸಿದ ಈ ಮಹಿಳೆಯ ಬಳಿ ಸೈನ್ಯವಿರಲಿಲ್ಲ, ಬೊಕ್ಕಸವಿರಲಿಲ್ಲ. ಅವರ ಪರವಾಗಿ ಓಡಾಡಿದವರು ತಿರುಮಲರಾಯ ಮತ್ತು ನಾರಾಯಣರಾಯರೆಂಬ ಸಹೋದರರು. ‘ಮೈಸೂರು ಪ್ರಧಾನರು’ ಎಂದು ಇತಿಹಾಸದಲ್ಲಿ ಹೆಸರಾದವರು. ಕಾರ್ಯ ಕೈಗೂಡಿದರೆ ವಂಶಪಾರಂಪರ್ಯವಾಗಿ ಪ್ರಧಾನ ಪದವಿಯನ್ನು ಕೊಡುವುದಾಗಿ ರಾಣಿಯವರು ಅವರಿಗೆ ಮಾತು ಕೊಟ್ಟಿದ್ದರು.

1782ರ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ ತಿರುಮಲರಾಯರು ಕಂಪನಿಯ ರೆಸಿಡೆಂಟನಾಗಿದ್ದ ಜಾನ್ ಸುಲಿವನ್ನನೊಡನೆ ಕರಾರು ಮಾಡಿಕೊಂಡರು. (ಉದಕಮಂಡಲವನ್ನು ಕಟ್ಟಿದ ಕಲೆಕ್ಟರ್ ಜಾನ್ ಸುಲಿವನ್ ಬೇರೆ, ಅವನು ಆಗ ಇನ್ನೂ ಹುಟ್ಟಿರಲಿಲ್ಲ.) ಪಾದ್ರಿ ಶ್ವಾರ್ಟ್ಜ್ ಈ ಮಾತುಕತೆಯಲ್ಲಿ ಜೊತೆಗಿದ್ದರು. ಈ ಕರಾರಿನ ವಿವರಗಳು ಬಹಳ ಕುತೂಹಲಕರವಾಗಿವೆ. ಕೊಯಮತ್ತೂರು ಸೀಮೆಯು ವಶವಾದೊಡನೆ 3 ಲಕ್ಷ ವರಹ, ಸೈನ್ಯವು ಘಟ್ಟವನ್ನೇರಿದಾಗ 1 ಲಕ್ಷ, ಮೈಸೂರು ಒಪ್ಪಿದಾಗ ಮತ್ತೊಂದು ಲಕ್ಷ, ಶ್ರೀರಂಗಪಟ್ಟಣ ಬಿದ್ದಾಗ 5 ಲಕ್ಷ. ಒಂದೊಂದು ಮೆಟ್ಟಿಲಿಗೆ ಒಂದೊಂದು ಬೆಲೆಯಂತೆ ಒಟ್ಟು 10 ಲಕ್ಷ ವರಹಕ್ಕೆ ಸಿಂಹಾಸನದ ಲೆಕ್ಕ ಬರೆದಿದ್ದರು. ಕರಾರು ಆಗಿ ಆರು ವಾರ ಕಳೆಯುವಷ್ಟರಲ್ಲಿ, ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಾಲಿಯು ತೀರಿಕೊಂಡನು.

1783ನೆಯ ವರ್ಷವು ರಾಣಿಯವರ ಪಾಲಿಗೆ ಎಲ್ಲ ಬಾಗಿಲುಗಳೂ ಒಟ್ಟಿಗೆ ಅರ್ಧ ತೆರೆದ ವರ್ಷ. ಟೀಪುವು ಮೇ ತಿಂಗಳಿನಿಂದ ಮಂಗಳೂರಿನ ಮುತ್ತಿಗೆಯಲ್ಲಿ ತೊಡಗಿದ್ದನು. ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂದು ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಜುಲೈ ತಿಂಗಳಲ್ಲಿ ಶ್ರೀರಂಗಪಟ್ಟಣದ ಒಳಗೇ ರಾಜಮನೆತನದ ಪರವಾಗಿ ಒಂದು ಸಂಚು ನಡೆದು, ಹೊತ್ತಿಗೆ ಮುಂಚೆಯೇ ಬಯಲಾಯಿತು. ಅದರಲ್ಲಿ ಅಂಚೆಯ ಶಾಮಯ್ಯನಂತಹ ದೊಡ್ಡ ಅಧಿಕಾರಿಗಳ ಹೆಸರೂ ಕೇಳಿಬಂದು, ಸಿಕ್ಕಿಬಿದ್ದವರು ಘೋರ ಶಿಕ್ಷೆಗೆ ಗುರಿಯಾದರು. ಇತ್ತ ದಕ್ಷಿಣದಲ್ಲಿ ಧಾರಾಪುರ, ಪಾಲಕ್ಕಾಡು, ಕೊಯಮತ್ತೂರುಗಳು ಒಂದಾದ ಮೇಲೊಂದು ಫುಲ್ಲರ್ಟನ್ನನ ವಶವಾದವು. ಮುಂದೆ ಗಜ್ಜಲಹಟ್ಟಿ, ಅದರಾಚೆ ತೆರೆದ ಬಯಲು. ಆದರೆ ಮದರಾಸಿನ ಗವರ್ನರನು ಅಷ್ಟರಲ್ಲಿ ಟೀಪುವಿನೊಡನೆ ಸಂಧಿಗೆ ಆಯುಕ್ತರನ್ನು ಕಳುಹಿಸಿದ್ದನು. ನಿಲ್ಲಬೇಕೆಂದೂ, ಬಳಿಕ ಹಿಂದೆ ಸರಿಯಬೇಕೆಂದೂ ಸೈನ್ಯಕ್ಕೆ ಅಪ್ಪಣೆಯಾಯಿತು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು. ಗೆದ್ದುದನ್ನೆಲ್ಲ ಪರಸ್ಪರ ಹಿಂದಿರುಗಿಸಿದರು. ರಾಣಿಯವರ ಕರಾರು ಪತ್ರ ಕಾಗದವಾಗಿಯೇ ಉಳಿಯಿತು.

ಅದೇ ಯುದ್ಧದ ಆರಂಭದಲ್ಲಿ ಹೈದರಾಲಿಯ ವಿರುದ್ಧ ಹೋರಾಡಲು ಮದರಾಸಿಗೆ ಬಂದಿಳಿದ ಸ್ಕಾಟ್ಲೆಂಡಿನ ದಂಡೊಂದನ್ನು ಕಟ್ಟಿದವನು ಲಾರ್ಡ್ ಮ್ಯಾಕ್ಲಿಯಾಡ್. ಹದಿಹರೆಯದಲ್ಲಿ ತಂದೆಯೊಡನೆ ಚಾರ್ಲ್ಸ್ ಎಡ್ವರ್ಡನ ಪಕ್ಷದಲ್ಲಿ ಕತ್ತಿ ಹಿಡಿದು, ಸೆರೆ ಸಿಕ್ಕಿ, ಕ್ಷಮೆ ಪಡೆದು, ಸ್ವೀಡನ್ನಿನ ಸೈನ್ಯದಲ್ಲಿ ಕಾಲ ಕಳೆದು, ಕೊನೆಗೆ ತನ್ನ ವಂಶದ ಆಸ್ತಿಯನ್ನು ಕಸಿದುಕೊಂಡ ರಾಜಮನೆತನಕ್ಕಾಗಿಯೇ ದಂಡು ಕೂಡಿಸಿದವನು ಅವನು. ಮುಟ್ಟುಗೋಲಾಗಿದ್ದ ಆ ಆಸ್ತಿ 1784ರಲ್ಲಿ ಅವನಿಗೆ ಮರಳಿತು. ಮೈಸೂರಿನ ರಾಣಿಯವರ ಆಸೆ ಕಮರಿದ ವರ್ಷವೂ ಅದೇ. ಆ ದಂಡಿನ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ 1780ರಲ್ಲಿ ಪೊಳ್ಳಿಲೂರಿನಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿ ಸುಮಾರು ನಾಲ್ಕು ವರ್ಷ ಕಳೆದನು. 1799ರ ಮೇ 4ರಂದು ಅದೇ ಕೋಟೆಯ ಬಿರುಕಿಗೆ ನುಗ್ಗಿದ ಪಡೆಗಳ ಮುಂದೆ ಇದ್ದವನು ಅವನೇ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಫುಲ್ಲರ್ಟನ್ನನು ಕಣಿವೆಯನ್ನೇರಿ, ಕಾವಲು ಕಡಿಮೆಯಿದ್ದ ಶ್ರೀರಂಗಪಟ್ಟಣವು ಬಿದ್ದು, 1784ರ ಸಂಕ್ರಾಂತಿಯ ಹೊತ್ತಿಗೆ ಖಾಸಾ ಚಾಮರಾಜ ಒಡೆಯರು ನಿಜವಾದ ಅರಸರಾಗಿದ್ದರೆ? ಮೊದಲ ನೋಟಕ್ಕೆ ಬಹಳಷ್ಟು ಬೇರೆಯಾಗಿ ಕಾಣುತ್ತದೆ. ಕೊಯಮತ್ತೂರು ಸೀಮೆಗೆ 3 ಲಕ್ಷ ವರಹವನ್ನು ತೆರಲು ಒಪ್ಪಿದವರು ಆ ಸೀಮೆಯನ್ನು ತಮ್ಮದಾಗಿಸಿಕೊಳ್ಳಲೆಂದೇ ಒಪ್ಪಿರಬೇಕು. ನೀಲಗಿರಿಯ ಬೆಟ್ಟಗಳು ಆ ಸೀಮೆಯೊಡನೆಯೇ ಇದ್ದವು. ಅಂದರೆ ಬಡಗರ ಹಟ್ಟಿಗಳೂ ಮೋಯಾರಿನ ಕಾಡುಗಳೂ ಮೈಸೂರಿನ ಭಾಗವಾಗಿ ಉಳಿಯುತ್ತಿದ್ದವು. ಇಷ್ಟು ಹೇಳಿದೊಡನೆ ಮಕ್ಕಳ ಮುಖ ಅರಳುತ್ತದೆ. ಆದರೆ ವೈನಾಡು, ಅಂದರೆ ನಮ್ಮ ಪಂದಲೂರು ಸೇರಿದ್ದ ಸೀಮೆ, ಒಡೆಯರ ಪೂರ್ವಾರ್ಜಿತವಾಗಿರಲಿಲ್ಲ. ಹೈದರಾಲಿ ಮಲಬಾರಿನ ಅರಸರಿಂದ ಗೆದ್ದುದು ಅದು. ಅದರ ಮೇಲೆ ಇನ್ನೊಂದು ಪದಚ್ಯುತ ರಾಜವಂಶದ ಹಕ್ಕಿತ್ತು. ಒಬ್ಬರ ಮರಳುವಿಕೆ ಇನ್ನೊಬ್ಬರ ಮರಳುವಿಕೆಗೆ ಅಡ್ಡವಾಗುತ್ತಿತ್ತು.

ಅದಕ್ಕಿಂತ ದೊಡ್ಡ ಪ್ರಶ್ನೆ, ಮರಳಿದ ಸಿಂಹಾಸನ ಎಷ್ಟು ದಿನ ಉಳಿಯುತ್ತಿತ್ತು ಎಂಬುದು. ಇದಕ್ಕೆ ಊಹೆಯ ಅಗತ್ಯವೇ ಇಲ್ಲ. ಕರಾರಿಗೆ ಸಹಿಯಾದ ತಂಜಾವೂರಿನಲ್ಲಿಯೇ ಉತ್ತರವಿತ್ತು. ಅಲ್ಲಿನ ಮರಾಠ ಅರಸ ತುಳಜಾಜಿಯನ್ನು 1773ರಲ್ಲಿ ಕಂಪನಿಯ ಸೈನ್ಯವೇ ಆರ್ಕಾಟಿನ ನವಾಬನ ಪರವಾಗಿ ಕೆಳಗಿಳಿಸಿತ್ತು. 1776ರಲ್ಲಿ ಅದೇ ಕಂಪನಿಯ ಗವರ್ನರ್ ಪಿಗಟ್ ಅವನನ್ನು ಮತ್ತೆ ಪಟ್ಟದಲ್ಲಿ ಕೂರಿಸಿದನು. (ಆ ಜಗಳದಲ್ಲಿ ಪಿಗಟ್ಟನನ್ನು ಅವನ ಸಭಾಸದರೇ ಬಂಧಿಸಿದರು, ಅವನು ಬಂಧನದಲ್ಲೇ ಸತ್ತನು. ಕಂಪನಿಯ ಮನೆಯ ಶಿಸ್ತೂ ಅಷ್ಟಕ್ಕಷ್ಟೇ.) ಇಪ್ಪತ್ತಮೂರು ವರ್ಷಗಳ ತರುವಾಯ, 1799ರ ಅಕ್ಟೋಬರಿನಲ್ಲಿ, ತುಳಜಾಜಿಯ ಉತ್ತರಾಧಿಕಾರಿ ಸರಫೋಜಿಯು ರಾಜ್ಯದ ಆಡಳಿತವನ್ನೆಲ್ಲ ಕಂಪನಿಗೆ ಬರೆದುಕೊಟ್ಟು ಕೋಟೆಯೊಳಗಿನ ಅರಸನಾಗಿ ಉಳಿದನು. ತಿರುಮಲರಾಯರು ತಂಜಾವೂರಿನಲ್ಲಿದ್ದಾಗ ಕಂಡ ಅರಸ, ಎತ್ತಿ ಕೂರಿಸಲ್ಪಟ್ಟ ಅರಸ. ಅದನ್ನು ಕಂಡೂ ಅವರು ಸಹಿ ಹಾಕಿದರೆಂದರೆ, ಬೇರೆ ದಾರಿ ಅವರಿಗೆ ತೋರಲಿಲ್ಲವೆಂದೇ ನಾವು ತಿಳಿಯಬೇಕಾಗುತ್ತದೆ.

ಬೇರೆ ದಾರಿ ಇರಲೇ ಇಲ್ಲವೇ? ಕೊಡಗಿನಲ್ಲಿ ಇತ್ತು. ಟೀಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನು 1788ರಲ್ಲಿ ತಪ್ಪಿಸಿಕೊಂಡು ಕೊಡಗನ್ನು ಸೇರಿ, ಕೊಡವರ ಬಲದಿಂದಲೇ ನಾಡನ್ನು ಮರಳಿ ಹಿಡಿದನು. ಕಂಪನಿಯೊಡನೆ ಒಪ್ಪಂದ ಮಾಡಿಕೊಂಡದ್ದು ಆಮೇಲೆ, 1790ರಲ್ಲಿ. ಅದರ ವ್ಯತ್ಯಾಸ ಕಪ್ಪದಲ್ಲಿಯೇ ಕಾಣುತ್ತದೆ. 1799ರ ನಂತರ ಕೊಡಗು ಕೊಡಬೇಕಾಗಿದ್ದ ಕಾಣಿಕೆ ವರ್ಷಕ್ಕೊಂದು ಆನೆ. ಹಾಗೆಂದು ಆ ಸಿಂಹಾಸನವೂ ಶಾಶ್ವತವಾಗಲಿಲ್ಲ. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತು.

ಮೈಸೂರಿನಲ್ಲಿ ನಿಜವಾಗಿ ಆದದ್ದು 1799ರಲ್ಲಿ. ನಡುವಿನ ಹದಿನಾರು ವರ್ಷಗಳಲ್ಲಿ ರಾಣಿಯವರ ಕಷ್ಟ ಹೆಚ್ಚಿತು. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡಾಗ ಟೀಪುವು ಹೊಸ ಅರಸನನ್ನು ಕೂರಿಸುವ ಹಳೆಯ ಪದ್ಧತಿಯನ್ನೂ ಕೈಬಿಟ್ಟನು; ಎರಡು ವರ್ಷದ ಕೂಸು ಕೃಷ್ಣರಾಜನೊಡನೆ ಕುಟುಂಬವು ಅರಮನೆಯನ್ನು ಬಿಡಬೇಕಾಯಿತು. ಟೀಪುವು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಮಡಿದ ಬಳಿಕ ಗವರ್ನರ್ ಜನರಲ್ ವೆಲ್ಲೆಸ್ಲಿಯ ಮುಂದೆ ಎರಡು ವಂಶಗಳಿದ್ದವು: ಟೀಪುವಿನ ಮಕ್ಕಳು, ಒಡೆಯರ ಕೂಸು. ಅವನು ಕೂಸನ್ನು ಆರಿಸಿದನು. ಇದರಲ್ಲಿ ನ್ಯಾಯದ ಅಂಶವಿತ್ತು, ಲೆಕ್ಕಾಚಾರವೂ ಇತ್ತು. ನಮಗೆ ಲೆಕ್ಕಾಚಾರವೇ ಹೆಚ್ಚಾಗಿ ತೋರುತ್ತದೆ.

ಇಲ್ಲಿ ದಿನಾಂಕಗಳನ್ನು ಗಮನಿಸಬೇಕು. ಟೀಪುವಿನ ರಾಜ್ಯವನ್ನು ಹಂಚಿಕೊಂಡ ಒಪ್ಪಂದ 1799ರ ಜೂನ್ 22ರದು. ಅದಕ್ಕೆ ಕಕ್ಷಿಗಾರರು ಕಂಪನಿ ಮತ್ತು ಹೈದರಾಬಾದಿನ ನಿಜಾಮ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾದದ್ದು ಜೂನ್ 30ರಂದು. ಅರಸನು ಸಿಂಹಾಸನವನ್ನು ಏರುವುದಕ್ಕೆ ಎಂಟು ದಿನ ಮೊದಲೇ ಅವನ ರಾಜ್ಯದ ಅಂಚುಗಳನ್ನು ಕತ್ತರಿಸಿ ಮುಗಿದಿತ್ತು. ಕೊಯಮತ್ತೂರು ಸೀಮೆ, ಅದರೊಡನೆ ನೀಲಗಿರಿ, ಕನ್ನಡ ಕರಾವಳಿ, ಇವೆಲ್ಲ ಕಂಪನಿಗೆ ಹೋದವು. ವೈನಾಡು ಕಡೆಗೆ ಕಂಪನಿಯ ಮಲಬಾರು ಜಿಲ್ಲೆಗೆ ಸೇರಿತು. ನಾವು ಮೈಸೂರಿನ ಹೊರಗುಳಿದದ್ದು ಹೀಗೆ. ಐದು ವರ್ಷದ ಬಾಲಕನೂ, ಅವನ ಹಿಂದೆ ನಿಂತ ರಾಣಿಯವರೂ ಆ ಹಂಚಿಕೆಯಲ್ಲಿ ಮಾತನಾಡುವ ಸ್ಥಾನದಲ್ಲಿ ಇರಲಿಲ್ಲ.

ಜುಲೈ 8ರಂದು ಅರಸರೊಡನೆ ಇನ್ನೊಂದು ಒಪ್ಪಂದವಾಯಿತು. 1782ರ ಕರಾರಿನಲ್ಲಿ ಸಿಂಹಾಸನದ ಬೆಲೆ ಮೆಟ್ಟಿಲು ಮೆಟ್ಟಿಲಾಗಿ ತೆರುವ 10 ಲಕ್ಷ ವರಹ. ಈಗ ಪ್ರತಿವರ್ಷವೂ 7 ಲಕ್ಷ ವರಹ. ಜೊತೆಗೆ, ಈ ಹಣ ಬರುವುದು ಅನುಮಾನವೆನಿಸಿದರೆ ಗವರ್ನರ್ ಜನರಲನು ರಾಜ್ಯದ ಆಡಳಿತವನ್ನು ತಾನೇ ವಹಿಸಿಕೊಳ್ಳಬಹುದೆಂಬ ಕಲಮು. ದಿವಾನ ಪದವಿ ಟೀಪುವಿನ ಕಾಲದಲ್ಲಿ ಹಣಕಾಸನ್ನು ನೋಡಿಕೊಂಡಿದ್ದ ಪೂರ್ಣಯ್ಯನವರಿಗೆ ದೊರೆಯಿತು. ಅವರ ದಕ್ಷತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಕರಾರು ಪತ್ರಗಳನ್ನು ಹೊತ್ತು ಬಾಳೆಲ್ಲ ಅಲೆದ ತಿರುಮಲರಾಯರಿಗೆ ಮಾತು ಕೊಟ್ಟ ಪ್ರಧಾನ ಪದವಿ ದಕ್ಕಲಿಲ್ಲ. ಇದನ್ನು ಓದಿದಾಗಲೆಲ್ಲ ನಮ್ಮ ಮನಸ್ಸು ನೋಯುತ್ತದೆ.

ಆ ಕಾಲಕ್ಕೆ ಸ್ಟುವರ್ಟರ ಮನೆಯಲ್ಲಿ ಉಳಿದಿದ್ದವನು ಚಾರ್ಲ್ಸ್ ಎಡ್ವರ್ಡನ ತಮ್ಮ ಹೆನ್ರಿ ಒಬ್ಬನೇ. ಕ್ಯಾಥೊಲಿಕ್ ಮತದ ಕಾರ್ಡಿನಲ್ ಪದವಿಯಲ್ಲಿದ್ದ ಮುದುಕ. ಫ್ರೆಂಚರ ದಾಳಿಯಿಂದ ಬರಿಗೈಯಾಗಿದ್ದ ಅವನಿಗೆ 1800ರಲ್ಲಿ ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 4,000 ಪೌಂಡುಗಳ ವರ್ಷಾಶನವನ್ನು ಗೊತ್ತುಪಡಿಸಿದನು. ಸಿಂಹಾಸನದ ಹಕ್ಕುದಾರನಿಗೆ ಸಿಂಹಾಸನದಲ್ಲಿದ್ದವನೇ ಅನ್ನ ಹಾಕಿದನು.

ಒಂದು ವಂಶ ಮರಳಿದಾಗ ಇನ್ನೊಂದು ಪದಚ್ಯುತವಾಯಿತು. ಟೀಪುವಿನ ಮಕ್ಕಳನ್ನು ವೆಲ್ಲೂರಿನ ಕೋಟೆಯಲ್ಲಿರಿಸಿದರು. 1806ರ ಜುಲೈ 10ರ ಬೆಳಗಿನ ಜಾವ ಅಲ್ಲಿನ ಸಿಪಾಯಿಗಳು ದಂಗೆಯೆದ್ದು ಟೀಪುವಿನ ಬಾವುಟವನ್ನು ಕೋಟೆಯ ಮೇಲೆ ಏರಿಸಿದರು. ಅರ್ಧ ದಿನದಲ್ಲಿ ದಂಗೆ ಅಡಗಿತು. ರಾಜಕುಮಾರರನ್ನು ಕಲ್ಕತ್ತೆಗೆ ಸಾಗಿಸಿದರು. ಇನ್ನು ನಮ್ಮ ವೈನಾಡಿನ ಕಥೆ. ಹೈದರಾಲಿಯ ದಂಡಯಾತ್ರೆಗಳಲ್ಲಿ ರಾಜ್ಯ ಕಳೆದುಕೊಂಡ ಕೋಟಯಂ ವಂಶದ (ತಲಚೇರಿಯ ಸಮೀಪದ ಕೋಟಯಂ, ತೆಂಕಣ ಕೇರಳದ ನಗರವಲ್ಲ) ಪಳಶ್ಶಿರಾಜನಿಗೆ 1790ರಲ್ಲಿ ಕಂಪನಿ ನೆರವಿನ ಭರವಸೆ ಕೊಟ್ಟಿತ್ತು. ಟೀಪು ಸೋತು ಮಲಬಾರು ಕೈಸೇರಿದ ಮೇಲೆ ಕಂದಾಯದ ಹಕ್ಕನ್ನು ಅವನ ಬಂಧುವಾದ ಕುರುಂಬ್ರನಾಡಿನ ಅರಸನಿಗೆ ಗುತ್ತಿಗೆ ಕೊಟ್ಟಿತು. ಪಳಶ್ಶಿರಾಜನು ಅದಕ್ಕೆ ತಲೆಬಾಗಲಿಲ್ಲ. ಕುರಿಚ್ಯರ ಮತ್ತು ಕುರುಂಬರ ಬಿಲ್ಲಿನ ಬಲದಿಂದ ಈ ಕಾಡುಗಳಲ್ಲಿ ವರ್ಷಗಟ್ಟಲೆ ಹೋರಾಡಿ, 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಬಳಿ ಮಡಿದನು. ಕಂಪನಿಯ ದಾಖಲೆಗಳು ಅವನನ್ನು ದಂಗೆಕೋರನೆಂದವು. ಅದೇ ದಾಖಲೆಗಳ ಪ್ರಕಾರ ಮೈಸೂರಿನ ಬಾಲಕ ನ್ಯಾಯವಾದ ಅರಸ. ಇಬ್ಬರ ಹಕ್ಕೂ ಒಂದೇ ಬಗೆಯದಾಗಿತ್ತು. ಒಬ್ಬನು ಒಪ್ಪಂದದ ಬೆಲೆಯನ್ನು ತೆರಬಲ್ಲವನಾಗಿದ್ದನು, ಇನ್ನೊಬ್ಬನು ತೆರಲು ಒಲ್ಲೆನೆಂದನು.

ಮೈಸೂರಿನ ಕಥೆಯಾದರೂ 1799ಕ್ಕೆ ಮುಗಿಯಲಿಲ್ಲ. ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ತೀರಿಕೊಂಡರು, ತಾವು ಗಳಿಸಿಕೊಟ್ಟದ್ದು ಜಾರುವುದನ್ನು ನೋಡುವ ದುಃಖ ಅವರಿಗೆ ಬರಲಿಲ್ಲ. ನಗರದ ದಂಗೆಯ ತರುವಾಯ 1831ರಲ್ಲಿ ಬೆಂಟಿಂಕನು ಜುಲೈ 8ರ ಒಪ್ಪಂದದ ಆ ಕಲಮನ್ನೇ ಕೈಗೆತ್ತಿಕೊಂಡು ಆಡಳಿತವನ್ನು ವಹಿಸಿಕೊಂಡನು. ಮುಮ್ಮಡಿಯವರು ಉಳಿದ ಆಯುಷ್ಯವನ್ನೆಲ್ಲ ರಾಜ್ಯವನ್ನು ಮರಳಿ ಕೊಡಿರೆಂಬ ಮನವಿಗಳಲ್ಲಿ ಕಳೆದು 1868ರಲ್ಲಿ ನಿಧನರಾದರು. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರ ಮಾರ್ಚ್ 25ರಂದು ರಾಜ್ಯ ಮರಳಿತು. ವರ್ಷದ ಪೊಗದಿಯನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸುವ ಷರತ್ತಿನೊಡನೆ. ಆದರೆ ಅದೇ ಅಕ್ಟೋಬರಿನಲ್ಲಿ ದಿವಾನ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 1760ರಿಂದ ನಡೆದ ಎಲ್ಲ ಸಂಚು, ಕರಾರು, ಪಟ್ಟಾಭಿಷೇಕಗಳಲ್ಲಿ ರೈತರನ್ನೂ ವರ್ತಕರನ್ನೂ ಕರೆದು ಕೂರಿಸಿದ್ದು ಅದೇ ಮೊದಲು. 1783ರಲ್ಲಿಯೇ ಸಿಂಹಾಸನ ಮರಳಿದ್ದರೆ ಈ ಸಭೆ ಹುಟ್ಟುತ್ತಿತ್ತೇ ಎಂದು ಮಕ್ಕಳು ಕೇಳಿದರೆ, ಹುಟ್ಟುತ್ತಿರಲಿಲ್ಲವೆಂದೇ ನಾವು ಹೇಳುತ್ತೇವೆ.

ನಮ್ಮ ಊರುಗಳಿಂದ ಆ ಸಭೆಗೆ ಯಾರೂ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಅದಕ್ಕೆ ನಾಲ್ಕು ವರ್ಷ ಮೊದಲು, 1877ರಲ್ಲಿ, ನಂಬಲಕೋಡು, ಚೇರಂಕೋಡು, ಮುನ್ನನಾಡುಗಳನ್ನು ಮಲಬಾರಿನಿಂದ ಬಿಡಿಸಿ ನೀಲಗಿರಿ ಜಿಲ್ಲೆಗೆ ಸೇರಿಸಿದ್ದರು. ಮೈಸೂರಿನಲ್ಲಿ ಚಾಮರಾಜೇಂದ್ರರಿಗೆ ರಾಜ್ಯ ಮರಳಿದ ವರ್ಷ ಪಂದಲೂರಿನ ಸುತ್ತ ಲಂಡನ್ನಿನ ಕಂಪನಿಗಳು ಚಿನ್ನಕ್ಕಾಗಿ ಗುಡ್ಡಗಳನ್ನು ಅಗೆಯುತ್ತಿದ್ದವು.